ಹೊರಡುವ ಹಿಡಿತ, ನಿಲ್ಲುವ ಹಿಡಿತ

ಕಳೆದ ಜುಲೈನಲ್ಲಿ ಪುಣೆಯಿಂದ ಊರಿಗೆ, ಅಂದರೆ ತೀರ್ಥಹಳ್ಳಿ ಕಡೆಗೆ, ಹೊಸ ಕಾರಿನಲ್ಲಿ ಹೋಗಿದ್ದೆ. ಎರಡು ವರ್ಷ ಲೆಕ್ಕ ಹಾಕಿ, ಮನೆಯವಳನ್ನು ಒಪ್ಪಿಸಿ, ಸಾಲ ಮಾಡಿ ತೆಗೆದುಕೊಂಡ ಆಲ್ ವೀಲ್ ಡ್ರೈವ್ ಕಾರು ಅದು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ದಿನಕ್ಕೆರಡು ಗಂಟೆ ತೆವಳುವವನಿಗೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಯಾಕೆ ಬೇಕು ಅಂತ ನೀವು ಕೇಳಬಹುದು. ಅವಳೂ ಕೇಳಿದ್ದಳು. 'ಸೇಫ್ಟಿಗೆ' ಅಂದಿದ್ದೆ. ಅದು ಪೂರ್ತಿ ಸುಳ್ಳಲ್ಲ. ಎಂ.ಟೆಕ್ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂತು ರ‍್ಯಾಲಿ ವಿಡಿಯೊ ನೋಡುತ್ತಿದ್ದ ಹುಡುಗನ ಆಸೆಯೂ ಅದರಲ್ಲಿತ್ತು ಎಂಬುದು ಪೂರ್ತಿ ನಿಜ.

ಅಪ್ಪನ ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಹೋಗಬೇಕಿತ್ತು. ಆಗುಂಬೆ ಘಾಟಿ ಇಳಿಯಬೇಕು. ಅಪ್ಪ ಇಪ್ಪತ್ತಾರು ವರ್ಷ ಖಾಸಗಿ ಮಿನಿ ಬಸ್ ಓಡಿಸಿದವರು. ಆ ಹದಿನಾಲ್ಕು ತಿರುವುಗಳನ್ನು ಅವರು ನನ್ನ ಹೆಸರಿಗಿಂತ ಹೆಚ್ಚು ಸಲ ನೆನೆಸಿಕೊಂಡಿರಬಹುದು. ಆವತ್ತು ಮಳೆ ಹಿಡಿದುಕೊಂಡಿತ್ತು. ಮಂಜು ಬೇರೆ. ಘಾಟಿ ಶುರುವಾಗುವ ಮೊದಲು ರಸ್ತೆ ಕೆಲಸಕ್ಕೆ ಅಗೆದಿದ್ದ ಕೆಸರಿನ ಏರು ಒಂದಿತ್ತು. ನಮ್ಮ ಮುಂದಿನ ಎರಡು ಕಾರು ಅಲ್ಲಿ ಚಕ್ರ ತಿರುಗಿಸುತ್ತಾ ನಿಂತಿದ್ದವು. ನಾನು ಅವುಗಳ ಪಕ್ಕದಲ್ಲೇ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹತ್ತಿ ಹೋದೆ. ಹೆಮ್ಮೆಯಿಂದ ಅಪ್ಪನಿಗೆ ವಿವರಿಸಿದೆ. ಇಳಿಜಾರು ಶುರುವಾದರೂ ವಿವರಣೆ ಮುಗಿದಿರಲಿಲ್ಲ, ಕಾರಿನ ವೇಗವೂ ಇಳಿದಿರಲಿಲ್ಲ.

ಮೂರನೇ ತಿರುವಿನಲ್ಲಿ ಎದುರಿಗೆ ವ್ಯಾನ್ ಬಂತು. ಬ್ರೇಕ್ ಒತ್ತಿದೆ. ಕಾರು ನಿಂತಿತು, ಆದರೆ ನಾನು ಅಂದುಕೊಂಡ ಜಾಗದಲ್ಲಲ್ಲ. ವ್ಯಾನಿಗೂ ನಮಗೂ ನಡುವೆ ಒಂದು ಕೊಡೆ ಬಿಚ್ಚುವಷ್ಟು ಜಾಗ ಉಳಿದಿತ್ತು.

ಅಪ್ಪ ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಅಲ್ಲ ಮಾರಾಯ, ಎಂಜಿನ್ನು ನಾಲ್ಕೂ ಚಕ್ರಕ್ಕೆ ಕೊಟ್ಟಿದಾರೆ ಅಂತೀಯ. ಬ್ರೇಕು ಎಷ್ಟು ಚಕ್ರಕ್ಕೆ ಕೊಟ್ಟಿದಾರೆ?"

"ನಾಲ್ಕಕ್ಕೂ ಇದೆ ಅಪ್ಪ."

"ನಿನ್ನ ಹಳೇ ಕಾರಿಗೆ?"

"ಅದಕ್ಕೂ ನಾಲ್ಕಕ್ಕೂ ಇತ್ತು."

"ಹಂಗಾದ್ರೆ ನಿಲ್ಸೋದ್ರಲ್ಲಿ ನಿಂಗೆ ಹೆಚ್ಚಿಗೆ ಸಿಕ್ಕಿದ್ದು ಏನು?"

ಎಂ.ಟೆಕ್ ಮಾಡಿದವನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಪುಣೆಗೆ ಬಂದು ಕಾಗದದ ಮೇಲೆ ಲೆಕ್ಕ ಮಾಡಿದೆ. ಜಾರುವ ರಸ್ತೆಯಲ್ಲಿ ಟೈರಿಗೂ ನೆಲಕ್ಕೂ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಎರಡು ಚಕ್ರ ಮಾತ್ರ ಎಳೆಯುವ ಕಾರಿನಲ್ಲಿ ಆ ಚಕ್ರಗಳ ಮೇಲೆ ಇರುವುದು ಕಾರಿನ ಸುಮಾರು ಅರ್ಧ ಭಾರ. ಹಾಗಾಗಿ ಅದು ಗುರುತ್ವದ 0.15 ಪಾಲಿಗಿಂತ ಹೆಚ್ಚು ವೇಗೋತ್ಕರ್ಷ ಪಡೆಯಲಾರದು. ನಾಲ್ಕೂ ಚಕ್ರ ಎಳೆದರೆ ಅದು 0.3 ಆಗುತ್ತದೆ, ನೇರ ದುಪ್ಪಟ್ಟು. ಆದರೆ ನಿಲ್ಲಿಸುವಾಗ ಎರಡೂ ಕಾರಿಗೆ 0.3 ಅಷ್ಟೇ. ಅದೇ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 47 ಮೀಟರ್ ಬೇಕು. 80ರಿಂದ ನಿಲ್ಲಲು 84 ಮೀಟರ್. ನನ್ನ ಹಳೆಯ ಕಾರು ಆ ಕೆಸರಿನಲ್ಲಿ ನನ್ನನ್ನು 80ಕ್ಕೆ ಹೋಗಲು ಬಿಡುತ್ತಲೇ ಇರಲಿಲ್ಲ. ಅದರ ಅಸಹಾಯಕತೆಯೇ ನನಗೆ ಎಚ್ಚರಿಕೆಯಾಗಿತ್ತು. ಹೊಸ ಕಾರು ಎಚ್ಚರಿಕೆಯನ್ನು ತೆಗೆದುಹಾಕಿತು, ಅಪಾಯವನ್ನು ಅಲ್ಲೇ ಬಿಟ್ಟಿತು.

ಅಪ್ಪನ ಪ್ರಶ್ನೆ ಮನಸ್ಸಿನಲ್ಲಿ ಕೂತಿದ್ದರಿಂದಲೇ ನನ್ನ ಹಳೆಯ ಹುಚ್ಚಾದ ರ‍್ಯಾಲಿಯ ಇತಿಹಾಸವನ್ನು ಮತ್ತೆ ಓದತೊಡಗಿದೆ. ಹುಡುಗನಾಗಿದ್ದಾಗ ಅದನ್ನು ತಂತ್ರಜ್ಞಾನದ ಗೆಲುವಿನ ಕಥೆಯೆಂದು ಓದಿದ್ದೆ. ಈ ಸಲ ಬೇರೆಯದೇ ಕಂಡಿತು.

ರ‍್ಯಾಲಿ ನೋಡದವರಿಗೆ ಒಂದು ಮಾತು. ಇದು ಒಟ್ಟಿಗೆ ಹೊರಟು ಒಬ್ಬರನ್ನೊಬ್ಬರು ಹಿಂದಿಕ್ಕುವ ರೇಸ್ ಅಲ್ಲ. ಮಾಮೂಲಿ ರಸ್ತೆಗಳನ್ನು, ಅಂದರೆ ಜಲ್ಲಿ, ಕೆಸರು, ಹಿಮ, ಡಾಂಬರಿನ ದಾರಿಗಳನ್ನು ಮುಚ್ಚಿ, ಒಂದೊಂದೇ ಕಾರನ್ನು ಬಿಟ್ಟು, ಗಡಿಯಾರದ ಎದುರು ಓಡಿಸುತ್ತಾರೆ. ಪಕ್ಕದಲ್ಲಿ ಕೂತ ಕೋ-ಡ್ರೈವರ್ ಮುಂದಿನ ತಿರುವನ್ನು ಓದಿ ಹೇಳುತ್ತಿರುತ್ತಾನೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲೂ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಡೆದಿವೆ. ರ‍್ಯಾಲಿಯ ಎದುರಾಳಿ ಪಕ್ಕದ ಕಾರಲ್ಲ, ನೆಲ.

1970ರ ದಶಕದ ಕೊನೆಯವರೆಗೆ ಈ ನೆಲದ ಜೊತೆ ಎರಡು ಚಕ್ರದಲ್ಲೇ ಜಗಳ ನಡೆಯುತ್ತಿತ್ತು. 1976-77ರ ಚಳಿಗಾಲದಲ್ಲಿ ಆಡಿ ಕಂಪನಿಯ ಎಂಜಿನಿಯರುಗಳು ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದರು. ಜೊತೆಗೆ ಸೈನ್ಯಕ್ಕಾಗಿ ಮಾಡಿದ್ದ ಫೋಕ್ಸ್‌ವ್ಯಾಗನ್ ಇಲ್ಟಿಸ್ ಎಂಬ ಜೀಪಿನಂಥ ಗಾಡಿಯೂ ಇತ್ತು. 75 ಅಶ್ವಶಕ್ತಿಯ ಆ ಒರಟು ಗಾಡಿ, ತನಗಿಂತ ಎಷ್ಟೋ ಬಲಶಾಲಿಯಾದ ಕಾರುಗಳನ್ನು ಹಿಮದಲ್ಲಿ ಹಿಂದೆ ಹಾಕಿತು. ಚಾಸಿ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಇದನ್ನು ತಮ್ಮ ತಾಂತ್ರಿಕ ಮುಖ್ಯಸ್ಥ ಫರ್ಡಿನಾಂಡ್ ಪೀಕ್ ಅವರ ಮುಂದಿಟ್ಟರು. 1978ರ ಜನವರಿಯಲ್ಲಿ ಆಸ್ಟ್ರಿಯಾದ ಟುರಾಕ್ ಎಂಬ ಕಣಿವೆ ದಾರಿಯ ಹಿಮದ ಕಡಿದಾದ ಏರನ್ನು ಬೇಸಿಗೆಯ ಟೈರಿನಲ್ಲೇ ಆ ಪ್ರಯೋಗದ ಕಾರು ಹತ್ತಿತು.

ಒಂದು ತೊಡಕಿತ್ತು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದೇ ದೂರ ಕ್ರಮಿಸುವುದಿಲ್ಲ. ಎರಡನ್ನೂ ಗಟ್ಟಿಯಾಗಿ ಕಟ್ಟಿದರೆ ಅವು ಒಂದರ ಜೊತೆ ಒಂದು ಗುದ್ದಾಡುತ್ತವೆ. ಫೋಕ್ಸ್‌ವ್ಯಾಗನ್ನಿನ ಎರ್ನ್ಸ್ಟ್ ಫಿಯಾಲಾ ಅವರ ಪತ್ನಿ ಆ ಪ್ರಯೋಗದ ಕಾರನ್ನು ವಿಯೆನ್ನಾದಲ್ಲಿ ಓಡಿಸಿ, ತಿರುಗಿಸುವಾಗ ಇದು ಕುಪ್ಪಳಿಸುತ್ತದಲ್ಲ ಎಂದು ದೂರಿದರಂತೆ. ನಡುವೆ ಒಂದು ಡಿಫರೆನ್ಷಿಯಲ್ ಬೇಕಾಯಿತು. ಗೇರ್‌ಬಾಕ್ಸಿನೊಳಗಿನ ಶಾಫ್ಟನ್ನು ಟೊಳ್ಳು ಮಾಡಿ, ಶಕ್ತಿಯನ್ನು ಅದರ ಮೂಲಕ ಹಿಂದಕ್ಕೆ ಒಯ್ದು, ಅದರ ಒಳಗಿನಿಂದಲೇ ಮತ್ತೊಂದು ಶಾಫ್ಟಿನಲ್ಲಿ ಮುಂದಕ್ಕೆ ತರುವ ಉಪಾಯ ಹೊಳೆಯಿತು. ಇದರಿಂದ ಬೇರೆ ಭಾರದ ಪೆಟ್ಟಿಗೆಯೇ ಬೇಡವಾಯಿತು. 1980ರ ಮಾರ್ಚಿನಲ್ಲಿ ಜಿನೀವಾದ ಪ್ರದರ್ಶನದಲ್ಲಿ ಆಡಿ ಕ್ವಾಟ್ರೊ ಹೊರಬಂತು: ಐದು ಸಿಲಿಂಡರ್, ಟರ್ಬೊ, 200 ಅಶ್ವಶಕ್ತಿ.

ರ‍್ಯಾಲಿಯ ನಿಯಮ ಆ ಹೊತ್ತಿಗೆ ಇಂಥ ಕಾರಿಗೆ ಬಾಗಿಲು ತೆರೆದಿತ್ತು. ಇಷ್ಟು ಭಾರ, ಇಷ್ಟು ಯಂತ್ರ ಹೊತ್ತು ಗೆಲ್ಲಲಾಗದು ಎಂಬುದು ಉಳಿದವರ ಎಣಿಕೆ. 1981ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಹಿಮದಲ್ಲಿ ಹಾನ್ನು ಮಿಕ್ಕೋಲಾ ಗೆದ್ದರು. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ನಾಲ್ಕು ಚಕ್ರ ಚಾಲನೆಯ ಮೊದಲ ಜಯ ಅದು. ಅದೇ ವರ್ಷ ಸಾನ್ ರೆಮೊದಲ್ಲಿ ಮಿಶೆಲ್ ಮೂತೋನ್, ಕೋ-ಡ್ರೈವರ್ ಫಾಬ್ರಿಝಿಯಾ ಪೋನ್ಸ್ ಜೊತೆ ಗೆದ್ದು, ವಿಶ್ವ ರ‍್ಯಾಲಿಯ ಸುತ್ತೊಂದನ್ನು ಗೆದ್ದ ಮೊದಲ ಮಹಿಳೆಯಾದರು.

ಇಲ್ಲಿಂದ ಮೊದಲ ನೈತಿಕ ಪ್ರಶ್ನೆ ಶುರುವಾಗುತ್ತದೆ. ಗೆದ್ದದ್ದು ಯಾರು, ಡ್ರೈವರೋ ಕಾರೋ?

1982ರಲ್ಲಿ ಮೂತೋನ್ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಕಡೆ ಗೆದ್ದರು. ಆದರೂ ಆ ವರ್ಷದ ಚಾಂಪಿಯನ್ ಹಿಂದಿನ ಎರಡು ಚಕ್ರದಿಂದ ಓಡುವ ಓಪೆಲ್ ಅಸ್ಕೋನಾ ಓಡಿಸಿದ ವಾಲ್ಟರ್ ರೋರ್ಲ್. ಮೂತೋನ್ ಎರಡನೆಯವರು. ಮರುವರ್ಷ ಡ್ರೈವರುಗಳ ಪಟ್ಟ ಆಡಿಯ ಮಿಕ್ಕೋಲಾಗೆ ಸಿಕ್ಕರೂ, ತಯಾರಕರ ಪಟ್ಟವನ್ನು ಹಿಂಚಕ್ರ ಚಾಲನೆಯ ಲ್ಯಾನ್ಸಿಯಾ 037 ಕೂದಲೆಳೆಯ ಅಂತರದಲ್ಲಿ ಕಸಿದುಕೊಂಡಿತು. ಎರಡು ಚಕ್ರದ ಕಾರಿಗೆ ಆ ಪಟ್ಟ ಸಿಕ್ಕಿದ್ದು ಅದೇ ಕೊನೆ. ಹಳೆಯ ಕಾಲದ ಅಭಿಮಾನಿಗಳು ಈ ಎರಡು ವರ್ಷಗಳನ್ನು ಪುರಾಣದ ಹಾಗೆ ಹೇಳುತ್ತಾರೆ. ಕೈಚಳಕ ಯಂತ್ರವನ್ನು ಸೋಲಿಸಿದ ಕೊನೆಯ ಕಾಲ ಅಂತ.

ನನಗೆ ಇದರಲ್ಲೊಂದು ಅನ್ಯಾಯ ಕಾಣುತ್ತದೆ. ಮೂತೋನ್ ಗೆದ್ದಾಗ 'ಆ ಕಾರು ಇದ್ದರೆ ಯಾರಾದರೂ ಗೆಲ್ಲಬಹುದು' ಎಂಬ ಮಾತು ಸುಲಭವಾಗಿ ಹೊರಟಿತು. ಅದೇ ಕಾರಿನಲ್ಲಿ ಮಿಕ್ಕೋಲಾ ಗೆದ್ದಾಗ ಆ ಮಾತಿಗೆ ಅಷ್ಟು ಕೇಳುಗರಿರಲಿಲ್ಲ. ಸಾಧನವನ್ನು ನಾವು ತೂಗುವುದು ಯಾರ ಕೈಯಲ್ಲಿದೆ ಎಂದು ನೋಡಿಕೊಂಡೇ. ನಮ್ಮ ಟೀಮಿನಲ್ಲಿ ಹೊಸ ಎಐ ಉಪಕರಣ ಬಂದಾಗ ಇದನ್ನೇ ಕಂಡೆ. ಹದಿನೈದು ವರ್ಷದ ಅನುಭವಿ ಅದನ್ನು ಬಳಸಿ ಎರಡು ದಿನದ ಕೆಲಸ ಅರ್ಧ ದಿನದಲ್ಲಿ ಮುಗಿಸಿದರೆ 'ಜಾಣ' ಅಂದೆವು. ಕಲಬುರಗಿಯಿಂದ ಬಂದ ಹೊಸ ಹುಡುಗಿ ಅದನ್ನೇ ಮಾಡಿದರೆ 'ಟೂಲ್ ಮಾಡಿಕೊಟ್ಟಿದ್ದು ತಾನೆ' ಅಂದೆವು. 'ಅಂದೆವು' ಅನ್ನುವುದರಲ್ಲಿ ನಾನೂ ಇದ್ದೇನೆ.

ಹಾಗಾಗಿ ಈ ಮೊದಲ ಪ್ರಶ್ನೆಗೆ ನನ್ನ ಉತ್ತರ ಸರಳ. ಕೌಶಲ ಎಂಬುದು ಸಾಧನ ಬಂದಾಗ ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ಕ್ವಾಟ್ರೊ ಮೂಗಿನ ಮೇಲೆ ಭಾರ ಹೊತ್ತ ಕಾರು. ತಿರುವಿಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಎಡಗಾಲಿನಲ್ಲಿ ಬ್ರೇಕ್ ಒತ್ತುತ್ತಾ ಬಲಗಾಲಿನಲ್ಲಿ ಎಂಜಿನ್ ಜೀವಂತ ಇಡುವ ವಿದ್ಯೆ ಅದಕ್ಕೆ ಬೇಕಿತ್ತು. ಹೊಸ ಹಿಡಿತ ಹೊಸ ಕಲಿಕೆಯನ್ನು ಕೇಳಿತು. ಇಷ್ಟಕ್ಕೆ ಮುಗಿದಿದ್ದರೆ ಇದು ನಾನು ಹಾಸ್ಟೆಲಿನಲ್ಲಿ ಓದಿಕೊಂಡಿದ್ದ ಗೆಲುವಿನ ಕಥೆಯಾಗಿಯೇ ಉಳಿಯುತ್ತಿತ್ತು.

ಎರಡನೇ ಪ್ರಶ್ನೆ ಗಟ್ಟಿಯಾದದ್ದು. ಹೊಸದಾಗಿ ಸಿಕ್ಕ ಹಿಡಿತವನ್ನು ಏನು ಮಾಡಿದರು?

ಎರಡು ಚಕ್ರದ ಕಾಲದಲ್ಲಿ ಎಂಜಿನ್ ಶಕ್ತಿಗೆ ನೆಲವೇ ಮಿತಿ ಹಾಕುತ್ತಿತ್ತು. 400 ಅಶ್ವಶಕ್ತಿ ಕೊಟ್ಟು ಏನು ಪ್ರಯೋಜನ, ಚಕ್ರ ಸುಮ್ಮನೆ ತಿರುಗಿ ಜಲ್ಲಿ ಎರಚುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚಲು ಬಂದ ಮೇಲೆ ಆ ಮಿತಿ ಕಳಚಿತು. ಗ್ರೂಪ್ ಬಿ ಎಂಬ ವರ್ಗದ ನಿಯಮಗಳು ಇದಕ್ಕೆ ಅನುಕೂಲವಾಗಿ ಒದಗಿದವು. 200 ಕಾರು ತಯಾರಿಸಿದರೆ ಸಾಕು, ಮಿಕ್ಕಂತೆ ಕೈ ಬಿಚ್ಚಿ ಕಟ್ಟಬಹುದು. 1984ರಲ್ಲಿ ಜಾನ್ ಟಾಡ್ ನೇತೃತ್ವದ ಪೂಜೋ ತಂಡ ಎಂಜಿನ್ನನ್ನು ನಡುವಿಗಿಟ್ಟ ನಾಲ್ಕು ಚಕ್ರ ಚಾಲನೆಯ 205 ಟರ್ಬೊ 16 ತಂದಿತು. ಲ್ಯಾನ್ಸಿಯಾ ಟರ್ಬೊ, ಸೂಪರ್‌ಚಾರ್ಜರ್ ಎರಡನ್ನೂ ಕೂಡಿಸಿ ಡೆಲ್ಟಾ ಎಸ್4 ಕಟ್ಟಿತು. ಸುಮಾರು 900 ಕಿಲೋ ಭಾರದ ಕಾರಿಗೆ 450 ಅಶ್ವಶಕ್ತಿಗೂ ಮೇಲೆ. ಐದೇ ವರ್ಷದಲ್ಲಿ ಹೀಗಾಯಿತು. ರಸ್ತೆಗಳು ಮಾತ್ರ ಅವೇ. ಮರಗಳು, ಕಮರಿಗಳು, ದಾರಿಯ ಪಕ್ಕದ ಜನರೂ ಅವರೇ.

1986ರ ಮಾರ್ಚ್ 5, ಪೋರ್ಚುಗಲ್. ಸಿಂತ್ರಾ ಬೆಟ್ಟದ ದಾರಿಯಲ್ಲಿ ಜನ ರಸ್ತೆಯ ಮೇಲೇ ನಿಂತಿದ್ದರು. ಕಾರು ಬಂದಾಗ ಕೊನೆಯ ಕ್ಷಣದಲ್ಲಿ ಸರಿಯುವುದು, ಮುಟ್ಟಿ ನೋಡುವುದು ಅವರಿಗೆ ಆಟ. ಸ್ಥಳೀಯ ಡ್ರೈವರ್ ಜೋಕಿಂ ಸಾಂತೋಸ್ ಅವರ ಫೋರ್ಡ್ ಆರ್‌ಎಸ್200 ಜನರನ್ನು ತಪ್ಪಿಸಲು ಹೋಗಿ ಹಿಡಿತ ಕಳೆದುಕೊಂಡು ಜನರ ಮೇಲೇ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಪ್ರಮುಖ ಡ್ರೈವರುಗಳು ಒಟ್ಟಾಗಿ ಮುಂದೆ ಓಡಿಸುವುದಿಲ್ಲ ಎಂದು ಹಿಂದೆ ಸರಿದರು. ರ‍್ಯಾಲಿ ಮಾತ್ರ ನಿಲ್ಲಲಿಲ್ಲ. ಎರಡು ತಿಂಗಳ ನಂತರ ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೋಯ್ವೊನೆನ್ ಮತ್ತು ಸರ್ಜಿಯೊ ಕ್ರೆಸ್ಟೊ ಇದ್ದ ಡೆಲ್ಟಾ ಎಸ್4 ಒಂದು ಎಡ ತಿರುವಿನಲ್ಲಿ ಕಮರಿಗೆ ಬಿದ್ದು ಸುಟ್ಟುಹೋಯಿತು. ಇಬ್ಬರೂ ಉಳಿಯಲಿಲ್ಲ. ಗ್ರೂಪ್ ಬಿ ಮುಂದಿನ ವರ್ಷದಿಂದ ಇಲ್ಲ ಎಂಬ ತೀರ್ಮಾನ ಕೂಡಲೇ ಹೊರಬಂತು.

ಎಲ್ಲ ಸಾವನ್ನೂ ಆಲ್ ವೀಲ್ ಡ್ರೈವ್ ತಲೆಗೆ ಕಟ್ಟುವುದು ತಪ್ಪು. ಒಂದು ವರ್ಷದ ಹಿಂದೆ ಅದೇ ಮೇ 2ರಂದು ಅದೇ ಕಾರ್ಸಿಕಾದಲ್ಲಿ ತೀರಿಕೊಂಡ ಅಟಿಲಿಯೊ ಬೆಟ್ಟೆಗಾ ಓಡಿಸುತ್ತಿದ್ದದ್ದು ಹಿಂಚಕ್ರದ 037. ಜನರನ್ನು ನಿಯಂತ್ರಿಸದ ಸಂಘಟಕರು, ಹಗುರವಾಗಲೆಂದು ಕಟ್ಟಿದ ಒಡಲು, ಸೀಟಿನ ಬಳಿಯೇ ಇಟ್ಟ ಇಂಧನದ ಟ್ಯಾಂಕು, ಎಲ್ಲಕ್ಕೂ ಪಾಲಿದೆ. ಆದರೂ ನನಗೆ ಒಂದು ಎಳೆ ಸ್ಪಷ್ಟವಾಗಿ ಕಾಣುತ್ತದೆ. ಹಿಡಿತ ಹೆಚ್ಚಿದಾಗ ಅದನ್ನು ಜೋಪಾನವಾಗಿ ಓಡಿಸಲು ಉಳಿಸಿಕೊಳ್ಳಬಹುದಿತ್ತು, ಅಥವಾ ವೇಗಕ್ಕೆ ಮಾರಿಕೊಳ್ಳಬಹುದಿತ್ತು. ಪೂರ್ತಿ ಮಾರಿಕೊಂಡರು. ಎಳೆಯುವ ಶಕ್ತಿ ದುಪ್ಪಟ್ಟಾಯಿತು, ನಿಲ್ಲುವ ಶಕ್ತಿ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ವ್ಯತ್ಯಾಸವನ್ನು ತೆತ್ತವರಲ್ಲಿ ಕಾರಿನಲ್ಲಿ ಇಲ್ಲದವರೂ ಇದ್ದರು.

ಇದು ರ‍್ಯಾಲಿಯವರ ದುರಾಸೆ ಮಾತ್ರವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಒಂದು ವಾದ ಮುಂದಿಟ್ಟರು: ಕಾರನ್ನು ಸುರಕ್ಷಿತ ಮಾಡಿದರೆ ಜನ ಅದನ್ನು ಹೆಚ್ಚು ಅಜಾಗರೂಕವಾಗಿ ಓಡಿಸಿ ಆ ಲಾಭವನ್ನು ತಿಂದುಹಾಕುತ್ತಾರೆ. ಮ್ಯೂನಿಕ್‌ನ ಟ್ಯಾಕ್ಸಿಗಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನದಲ್ಲಿ, ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಇದ್ದ ಟ್ಯಾಕ್ಸಿಗಳಿಗೆ ಇಲ್ಲದವಕ್ಕಿಂತ ಅಪಘಾತ ಕಡಿಮೆಯೇನೂ ಆಗಿರಲಿಲ್ಲ. ಈ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಸೀಟ್ ಬೆಲ್ಟ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಸೀಟ್ ಬೆಲ್ಟ್ ಕೆಲಸ ಮಾಡುವುದು ಡಿಕ್ಕಿಯಾದ ಮೇಲೆ. ಓಡಿಸುವಾಗ ಅದು ಕೈಗೆ ಹೊಸ ಬಲ ಕೊಟ್ಟಂತೆ ಅನ್ನಿಸುವುದಿಲ್ಲ. ಆಲ್ ವೀಲ್ ಡ್ರೈವ್ ಕೊಡುವ ಸುರಕ್ಷತೆ ಮಾತ್ರ ಆಕ್ಸಿಲರೇಟರ್ ಒತ್ತಿದ ಕ್ಷಣವೇ ಪಾದಕ್ಕೆ ತಿಳಿಯುತ್ತದೆ. ಪಾದಕ್ಕೆ ತಿಳಿದದ್ದನ್ನು ಖರ್ಚು ಮಾಡದೆ ಇರುವುದು ಕಷ್ಟ.

ಈಗ ನನ್ನ ಕಥೆಗೆ ಬರಬೇಕು, ಇಲ್ಲದಿದ್ದರೆ ಇದು ಬೇರೆಯವರ ತಪ್ಪು ಎಣಿಸಿದಂತಾಗುತ್ತದೆ.

ಹೋದ ವರ್ಷ ನಮ್ಮ ಪ್ರಾಜೆಕ್ಟಿಗೆ ಕೋಡ್ ಬರೆದುಕೊಡುವ ಎಐ ಉಪಕರಣ ಬಂತು. ಬರೆಯುವ ವೇಗ ನಿಜಕ್ಕೂ ದುಪ್ಪಟ್ಟಾಯಿತು. ಬರೆದದ್ದನ್ನು ಓದಿ, ಪರೀಕ್ಷಿಸಿ, ಸರಿಯೆಂದು ಹೇಳುವ ವೇಗ ಅಷ್ಟೇ ಇತ್ತು, ಯಾಕೆಂದರೆ ಅದು ಮನುಷ್ಯರದ್ದು. ಉಳಿದ ಸಮಯವನ್ನು ಪರೀಕ್ಷೆಗೆ ಕೊಡಬಹುದಿತ್ತು. ನಾನು ಕೊಡಲಿಲ್ಲ. ಹನ್ನೆರಡು ವಾರದ ಕೆಲಸವನ್ನು ಏಳು ವಾರಕ್ಕೆ ಮಾಡಿಕೊಡುತ್ತೇವೆಂದು ನಾನೇ ಸ್ಲೈಡ್ ಮಾಡಿ ತೋರಿಸಿದೆ. ಪರೀಕ್ಷೆಯ ಆರು ಜನರಲ್ಲಿ ಮೂವರನ್ನು ಬೇರೆ ಕೆಲಸಕ್ಕೆ ಕಳಿಸಲು ಒಪ್ಪಿದೆ. ನಮ್ಮ ಗ್ರಾಹಕರು ಒಂದು ಸರಕು ಸಾಗಣೆ ಕಂಪನಿ. ನಾವು ಬಿಡುಗಡೆ ಮಾಡಿದ ಆವೃತ್ತಿಯಲ್ಲಿ ಒಂದು ತಪ್ಪು ಉಳಿದು, ಒಂದು ವಿಭಾಗದ ಲಾರಿ ಡ್ರೈವರುಗಳಿಗೆ ಟ್ರಿಪ್ ಭತ್ಯೆ ಒಂಬತ್ತು ದಿನ ಸಿಗಲಿಲ್ಲ.

ಯಾರೂ ಸಾಯಲಿಲ್ಲ. ಸಿಂತ್ರಾಕ್ಕೂ ಇದಕ್ಕೂ ಹೋಲಿಕೆ ಮಾಡಲಾರೆ. ಮೀಟಿಂಗಿನಲ್ಲಿ ಇದನ್ನು 'ಮಧ್ಯಮ ತೀವ್ರತೆ' ಎಂದು ದಾಖಲಿಸಿದೆವು. ಆದರೆ ದಾರಿಯಲ್ಲಿರುವ ಡ್ರೈವರಿಗೆ ಭತ್ಯೆ ಬಾರದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಪ್ಪನ ಮಾಲೀಕರು ಸಂಬಳ ತಡಮಾಡಿದ ತಿಂಗಳುಗಳಲ್ಲಿ ಅಮ್ಮ ಕಿರಾಣಿ ಅಂಗಡಿಗೆ ನನ್ನನ್ನು ಕಳಿಸುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. ಹುಡುಗನಿಗಾದರೆ ಅಂಗಡಿಯವರು ಇಲ್ಲ ಅನ್ನುವುದಿಲ್ಲ ಅಂತ. ಆ ಒಂಬತ್ತು ದಿನದಲ್ಲಿ ಯಾವ ಯಾವ ಊರಿನ ಹುಡುಗರು ಅಂಗಡಿಗೆ ಹೋದರೋ. ನನ್ನ ಸ್ಲೈಡಿನಲ್ಲಿ ಅವರಿಗೆ ಜಾಗ ಇರಲಿಲ್ಲ.

ಹಾಗಾದರೆ ಪಾಠವೇನು, ನಿಧಾನವಾಗಿ ಹೋಗಿ ಅಂತಲೇ? ಅಷ್ಟು ಸುಲಭವಿಲ್ಲ. 1985ರಲ್ಲಿ ಒಬ್ಬ ಡ್ರೈವರ್ ತಾನೊಬ್ಬನೇ ಮೆತ್ತಗೆ ಓಡಿಸಿದ್ದರೆ ಅವನು ಸೋಲುತ್ತಿದ್ದ, ಅವನ ಸೀಟಿಗೆ ಇನ್ನೊಬ್ಬ ಬರುತ್ತಿದ್ದ, ಅಷ್ಟೇ. ಸ್ಪರ್ಧೆಯಲ್ಲಿ ಒಬ್ಬನ ಸಂಯಮ ಸಂಯಮವಾಗಿ ಉಳಿಯುವುದಿಲ್ಲ, ಸೋಲಾಗಿಬಿಡುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಡ್ರೈವರಿನ ಸದ್ಗುಣಕ್ಕೆ ಬಿಡುವುದು ನ್ಯಾಯವಲ್ಲ. ನಿಯಮ ಬರೆಯುವವನನ್ನು ಕೇಳಬೇಕು.

1987ರ ನಂತರ ನಡೆದದ್ದು ಈ ದೃಷ್ಟಿಯಿಂದ ಗಮನಿಸುವಂಥದ್ದು. ಅವರು ಆಲ್ ವೀಲ್ ಡ್ರೈವನ್ನು ನಿಷೇಧಿಸಲಿಲ್ಲ. 5000 ಕಾರು ತಯಾರಿಸಿ ಮಾರಿರಬೇಕು ಎಂಬ ಗ್ರೂಪ್ ಎ ನಿಯಮಕ್ಕೆ ಹೋದರು, ಶಕ್ತಿಯನ್ನು ಇಳಿಸಿದರು. ಮುಂದೆ ಟರ್ಬೊ ಉಸಿರೆಳೆಯುವ ದಾರಿಗೆ 34 ಮಿಲಿಮೀಟರಿನ ತೂತಿನ ತಡೆ ಹಾಕಿದರು. ಹಿಡಿತ ಉಳಿಯಿತು, ಅದನ್ನು ಪೂರ್ತಿ ಮಾರಿಕೊಳ್ಳುವ ದಾರಿ ಕಿರಿದಾಯಿತು. ಆಟ ಸಾಯಲಿಲ್ಲ. ಲ್ಯಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತ ಆರು ಸಲ ತಯಾರಕರ ಪಟ್ಟ ಗೆದ್ದಿತು. ಆಮೇಲೆ ನಾನು ಹಾಸ್ಟೆಲಿನಲ್ಲಿ ಕಣ್ಣು ಬಿಟ್ಟುಕೊಂಡು ನೋಡಿದ ಕಾಲಿನ್ ಮೆಕ್ರೇಯ ನೀಲಿ ಸುಬಾರು, ಟಾಮಿ ಮಾಕಿನೆನ್ ಅವರ ಮಿತ್ಸುಬಿಷಿ ಲ್ಯಾನ್ಸರ್ ಬಂದವು. ಇವೆಲ್ಲ ಆ ತಡೆಯ ಮಕ್ಕಳೇ. ಹಿಮದ ಊರುಗಳ ಮಾಮೂಲಿ ಜನ ಇವತ್ತು ಭಯವಿಲ್ಲದೆ ಮನೆ ಸೇರುವುದರಲ್ಲೂ ಆ ಟೊಳ್ಳು ಶಾಫ್ಟಿನ ಪಾಲಿದೆ. ನನಗೆ ನೋವಾಗುವುದು, ಆ ತಡೆಗೆ ಮೊದಲು ಅಷ್ಟು ಹೆಣ ಬೀಳಬೇಕಾಯಿತು ಎಂಬುದಕ್ಕೆ. 1981ರಲ್ಲೇ ಲೆಕ್ಕ ಗೊತ್ತಿತ್ತು. ಅದು ಹೈಸ್ಕೂಲು ಭೌತಶಾಸ್ತ್ರ.

ಒಂದು ಪ್ರಾಜೆಕ್ಟಿನ ಮಟ್ಟಿಗೆ ನಾನೂ ನಿಯಮ ಬರೆಯುವವನೇ. ಹೊಸ ವರ್ಷದ ಯೋಜನೆಯಲ್ಲಿ ಒಂದು ಸಾಲು ಸೇರಿಸಿದೆ: ಉಪಕರಣದಿಂದ ಉಳಿದ ಸಮಯದಲ್ಲಿ ಅರ್ಧ ಪರೀಕ್ಷೆಗೆ ಮೀಸಲು, ಅದನ್ನು ಗಡುವಿಗಾಗಿ ಕಡಿಮೆ ಮಾಡುವಂತಿಲ್ಲ. ಗ್ರಾಹಕರ ಕಡೆಯವರು ಹೇಳಿದರು, ಬೇರೆ ಕಂಪನಿಯೊಂದು ಇದೇ ಕೆಲಸಕ್ಕೆ ಆರು ವಾರ ಕೇಳಿದೆ ಅಂತ. ನಮ್ಮ ಮೇಲಿನವರು ನನ್ನ ಮುಖ ನೋಡಿದರು. ಎಳೆದಾಡಿ ಅರ್ಧಕ್ಕೆ ಬದಲು ಕಾಲು ಪಾಲು ಉಳಿಯಿತು. ಮೂವರು ಪರೀಕ್ಷಕರಲ್ಲಿ ಒಬ್ಬರು ವಾಪಸ್ ಬಂದರು. ಇದು ಗೆಲುವೋ ಸೋಲೋ ನನಗೆ ತಿಳಿಯದು. ಮುಂದಿನ ವರ್ಷ ಆ ಸಾಲನ್ನು ಯಾರಾದರೂ ಅಳಿಸಬಹುದು. ನಾನೇ ಅಳಿಸಬಹುದು, ಬಡ್ತಿಯ ಆಸೆಗೆ.

ಆವತ್ತು ಮಣಿಪಾಲದಿಂದ ವಾಪಸ್ ಬರುವಾಗ ಕತ್ತಲಾಗಿತ್ತು. ಅಪ್ಪನ ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರುಮಾಡಿದೆ. ಹತ್ತುವುದರಲ್ಲಿ ನನ್ನ ಕಾರಿಗೆ ಸಾಟಿಯಿಲ್ಲ, ಗೊತ್ತಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡೇ, ಎಂಜಿನ್ನಿನ ಸದ್ದು ಕೇಳಿ ಅಂದರು: "ಎರಡನೇ ಗೇರೇ ಇರ್ಲಿ. ಮೇಲಿಂದ ಬರೋರ ಹತ್ರ ಎಂಥಾ ಗಾಡಿ ಇದ್ಯೋ ಏನೋ."